ಯುದ್ಧದಲ್ಲಿ ಗಾಯಗೊಂಡ ಮಾಜಿ ಸೈನಿಕರಿಗೆ ಪರಾಕ್ರಮ ಪದಕ ಕೇಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಅಪ್ಪನ ತೊಡೆಯಲ್ಲಿ ಇನ್ನೂ ಸ್ಪ್ಲಿಂಟರ್, ಅಂದರೆ ಸಿಡಿದು ಹೊಕ್ಕ ಲೋಹದ ಚೂರು, ಇದೆ. ಆದರೆ ಪದಕಗಳ ಸಾಲಿನಲ್ಲಿ ಬಿಳಿ ರಿಬ್ಬನ್‌ನ ನಡುವೆ ಕೆಂಪು ಪಟ್ಟಿ ಇರುವ ಆ ಒಂದು ಪದಕ ಮಾತ್ರ ಇಲ್ಲ. ಕೊಡಗು, ಬೆಳಗಾವಿ, ವಿಜಯಪುರ, ಹಾಸನದ ಕಡೆಯ ಎಷ್ಟೋ ಸೈನಿಕ ಕುಟುಂಬಗಳಿಗೆ ಇದು ಗೊತ್ತಿರುವ ಕೊರಗು. ಶ್ರೀಲಂಕಾದಲ್ಲೋ ಕಾರ್ಗಿಲ್‌ನಲ್ಲೋ ಕಾಶ್ಮೀರದಲ್ಲೋ ಗುಂಡು ತಿಂದು ಬಂದವರು, ಆಗ ಕೇಳಲಿಲ್ಲ, ಈಗ ಯಾರನ್ನು ಕೇಳೋದು ಅಂತ ಸುಮ್ಮನಾಗಿಬಿಡುತ್ತಾರೆ. ಸುಮ್ಮನಾಗಬೇಕಿಲ್ಲ. ಆದರೆ ಕೇಳುವ ಕ್ರಮ ಗೊತ್ತಿರಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪದಕ ಸಿಗುವುದು ಗಾಯದ ಗುರುತಿನಿಂದಲ್ಲ, ಗಾಯದ ದಾಖಲೆಯಿಂದ. ಹಾಗಾಗಿ ಪದಕಕ್ಕೆ ಅರ್ಜಿ ಬರೆಯುವ ಮೊದಲು ಆ ಗಾಯ ಸೇನೆಯ ಕಾಗದದಲ್ಲಿ ಏನೆಂದು ಬರೆದುಕೊಂಡಿದೆ ಅಂತ ತಿಳಿಯಬೇಕು. ಮುಕ್ಕಾಲು ಕೆಲಸ ಅಲ್ಲೇ ಇದೆ.

ಯಾವ ಗಾಯಕ್ಕೆ ಈ ಪದಕ

ಪರಾಕ್ರಮ ಪದಕವನ್ನು ಭಾರತ ಸರ್ಕಾರ ಸ್ಥಾಪಿಸಿದ್ದು 1973ರ ಆಗಸ್ಟ್ 15ರಂದು. ಸೇನೆಯ ಕಾಗದಗಳಲ್ಲಿ ಇದು ವೂಂಡ್ ಮೆಡಲ್ ಅಂತಲೇ ಜಾಸ್ತಿ ಕಾಣುತ್ತದೆ. ಯಾವುದೇ ಬಗೆಯ ಸೈನಿಕ ಕಾರ್ಯಾಚರಣೆಯಲ್ಲಿ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ, ಶತ್ರುವಿನ ನೇರ ದಾಳಿಯಿಂದ ಗಾಯಗೊಂಡವರಿಗೆ ಇದು ಸಲ್ಲುತ್ತದೆ. ಇಲ್ಲಿ ಮುಖ್ಯವಾದದ್ದು 'ನೇರ' ಅನ್ನುವುದು. ಗುಂಡೇಟು, ಗ್ರೆನೇಡ್ ಅಥವಾ ಶೆಲ್ಲಿನ ಸ್ಪ್ಲಿಂಟರ್, ಉಗ್ರರು ಇಟ್ಟ ಐಇಡಿ ಸ್ಫೋಟ, ಇವೆಲ್ಲ ಸ್ಪಷ್ಟ. ಆದರೆ ಸಿಯಾಚಿನ್‌ನಲ್ಲಿ ಹಿಮ ಕಚ್ಚಿ ಬೆರಳು ಹೋದದ್ದು, ಗಸ್ತಿನ ದಾರಿಯಲ್ಲಿ ಟ್ರಕ್ ಮಗುಚಿ ಬೆನ್ನು ಮುರಿದದ್ದು ಬೇರೆ ಮಾತು. ಅವುಗಳ ನೋವು ಕಡಿಮೆ ಅಂತ ನಾನು ಖಂಡಿತ ಹೇಳುತ್ತಿಲ್ಲ. ಅವುಗಳಿಗೆ ಅಂಗವೈಕಲ್ಯ ಪಿಂಚಣಿಯ ದಾರಿ ಇದೆ, ಅದನ್ನು ಬಿಡಬೇಡಿ. ಈ ಪದಕದ ವ್ಯಾಖ್ಯೆಯೊಳಗೆ ಅವು ಬರುವುದು ಕಷ್ಟ ಅಷ್ಟೆ.

ಇದು ಶೌರ್ಯ ಪದಕವೂ ಅಲ್ಲ. ವೀರ ಚಕ್ರಕ್ಕೋ ಸೇನಾ ಮೆಡಲ್‌ಗೋ ಕಮಾಂಡಿಂಗ್ ಆಫೀಸರ್ ಶಿಫಾರಸು ಮಾಡಬೇಕು, ಮೇಲಿನವರು ಒಪ್ಪಬೇಕು. ಪರಾಕ್ರಮ ಪದಕದಲ್ಲಿ ಪ್ರಶ್ನೆ ಒಂದೇ: ಶತ್ರುವಿನಿಂದ ಗಾಯ ಆಯಿತೇ ಇಲ್ಲವೇ? ಆದ್ದರಿಂದಲೇ ಇಷ್ಟು ವರ್ಷ ಕಳೆದ ಮೇಲೂ ಕೇಳಲು ಆಧಾರ ಇರುತ್ತದೆ. ಶೌರ್ಯ ಪದಕಗಳಿಗಿರುವ ತಿಂಗಳ ಭತ್ಯೆ ಇದಕ್ಕಿಲ್ಲ. ದುಡ್ಡಿಗಾಗಿ ಕೇಳುವ ಪದಕ ಇದಲ್ಲ. ಆದರೂ ಇದರ ಬೆನ್ನಿಗಿರುವ ದಾಖಲೆಗೂ ಪಿಂಚಣಿಗೂ ಗಟ್ಟಿ ಸಂಬಂಧ ಇದೆ. ಅದಕ್ಕೆ ಮುಂದೆ ಬರುತ್ತೇನೆ.

1965 ಅಥವಾ 1971ರ ಯುದ್ಧದಲ್ಲಿ ಗಾಯಗೊಂಡವರಾದರೆ, ಪದಕದ ಆದೇಶ ಆ ಗಾಯಕ್ಕೆ ಅನ್ವಯಿಸುತ್ತದೆಯೇ, ಯಾವ ಆದೇಶದಡಿ ಅಂತ ನಿಮ್ಮ ಮೊದಲ ಪತ್ರದಲ್ಲೇ ಲಿಖಿತ ಉತ್ತರ ಕೇಳಿ. ಜೊತೆಗೆ ಸಮರ ಸೇವಾ ಸ್ಟಾರ್, ರಕ್ಷಾ ಮೆಡಲ್, ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್‌ಗಳಲ್ಲಿ ಅವರಿಗೆ ಸಲ್ಲಬೇಕಾದದ್ದೆಲ್ಲ ಕೈಗೆ ಬಂದಿದೆಯೇ ಅಂತಲೂ ಅದೇ ಪತ್ರದಲ್ಲಿ ಕೇಳಬಹುದು.

ಹೆಜ್ಜೆ 1: ಮನೆಯ ಟ್ರಂಕ್ ಬಿಚ್ಚಿ

ಮೊದಲು ಬೇಕಾದದ್ದು ಡಿಸ್ಚಾರ್ಜ್ ಬುಕ್, ಅಂದರೆ ಸೇನೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಸೇವಾ ಪುಸ್ತಕ. ಪದಕಗಳ ಕಾಲಂನಲ್ಲಿ ಏನೇನು ಬರೆದಿದೆ ನೋಡಿ. ಎಷ್ಟೋ ಸಲ ಪದಕ ಮಂಜೂರಾಗಿ ಪುಸ್ತಕದಲ್ಲಿ ನಮೂದೂ ಆಗಿರುತ್ತದೆ, ಲೋಹದ ತುಂಡು ಮಾತ್ರ ಕೈಗೆ ಬಂದಿರುವುದಿಲ್ಲ. ಹಾಗಿದ್ದರೆ ನೀವು ಅರ್ಹತೆ ಸಾಬೀತು ಮಾಡಬೇಕಿಲ್ಲ, ಪದಕ ಕಳಿಸಿಕೊಡಿ ಅಂತ ಕೇಳಿದರೆ ಆಯಿತು. ಗುರುತಿನ ಚಿಹ್ನೆಗಳ ಸಾಲನ್ನೂ ಓದಿ. ಸೇರುವಾಗ ಇಲ್ಲದ ಕಲೆಯೊಂದು ಬಿಡುಗಡೆಯ ಹೊತ್ತಿಗೆ ಬರೆದಿದ್ದರೆ ಅದೊಂದು ಸಣ್ಣ ಸಾಕ್ಷಿ.

ಆಮೇಲೆ ಪಿಪಿಒ (ಪಿಂಚಣಿ ಪಾವತಿ ಆದೇಶ), ಮೆಡಿಕಲ್ ಬೋರ್ಡ್ ಕಾಗದಗಳು, ಆಸ್ಪತ್ರೆಯ ಡಿಸ್ಚಾರ್ಜ್ ಸ್ಲಿಪ್, ಆಗ ಮನೆಗೆ ಬಂದ ಟೆಲಿಗ್ರಾಂ, ಆಸ್ಪತ್ರೆಯಿಂದ ಬರೆದ ಇನ್‌ಲ್ಯಾಂಡ್ ಲೆಟರ್. ಟೆಲಿಗ್ರಾಂ ಅಥವಾ ಪತ್ರ ಸಿಕ್ಕಿದರೆ ಬಹಳ ಒಳ್ಳೆಯದು. ಅದರಲ್ಲಿ ದಿನಾಂಕ ಇರುತ್ತದೆ, ಅಂಚೆ ಮುದ್ರೆ ಇರುತ್ತದೆ, ಅದನ್ನು ಯಾರೂ ನಿನ್ನೆ ಮೊನ್ನೆ ಬರೆದದ್ದು ಅನ್ನುವ ಹಾಗಿಲ್ಲ. ಇವನ್ನೆಲ್ಲ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಅಸಲು ಪ್ರತಿಯನ್ನು ಯಾವ ಕಾರಣಕ್ಕೂ ಅಂಚೆಯಲ್ಲಿ ಕಳಿಸಬೇಡಿ, ಯಾರು ಕೇಳಿದರೂ ಸರಿ.

ಹೆಸರಿನ ಕಾಗುಣಿತವನ್ನೂ ಇಲ್ಲೇ ನೋಡಿಕೊಳ್ಳಿ. ಆಧಾರ್‌ನಲ್ಲಿ ಇನಿಷಿಯಲ್ ಇರುತ್ತದೆ, ಸೇನೆಯಲ್ಲಿ ಇರುವುದಿಲ್ಲ. ಕೊಡವರ ಮನೆಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಪತ್ರದಲ್ಲಿ ಸೇನೆಯ ದಾಖಲೆಯಲ್ಲಿರುವ ಹೆಸರನ್ನೇ ಬಳಸಿ. ಸೈನಿಕ ಸಂಖ್ಯೆಯನ್ನು ಕೊನೆಯ ಅಕ್ಷರದ ಸಮೇತ ಬರೆಯಿರಿ. ಅದು ತಪ್ಪಿದರೆ ನಿಮ್ಮ ಕಾಗದ ಬೇರೆಯವರ ಫೈಲಿಗೆ ಹೋಗುತ್ತದೆ.

ಹೆಜ್ಜೆ 2: ಅವರಿಂದಲೇ ಕೇಳಿ ಬರೆದುಕೊಳ್ಳಿ

ಗಾಯಗೊಂಡವರು ಬದುಕಿದ್ದರೆ, ಸಂಜೆ ಆರಾಮಾಗಿ ಕೂರಿಸಿಕೊಂಡು ಕೇಳಿ. ಒಮ್ಮೆಗೇ ಎಲ್ಲ ಹೇಳಿಸಲು ಹೋಗಬೇಡಿ. ಕೆಲವರಿಗೆ ಆ ದಿನದ ಮಾತೇ ಬೇಡವಾಗಿರುತ್ತದೆ. ಬೇಡ ಅಂದರೆ ನಿಲ್ಲಿಸಿ, ಇನ್ನೊಂದು ದಿನ ನೋಡೋಣ. ಪದಕಕ್ಕಿಂತ ಅವರ ನೆಮ್ಮದಿ ದೊಡ್ಡದು.

ನಿಮಗೆ ಬೇಕಾದದ್ದು ಇಷ್ಟು: ಯಾವ ದಿನ, ಕನಿಷ್ಠ ಯಾವ ತಿಂಗಳು? ಯಾವ ಜಾಗ? ಯಾವ ಆಪರೇಷನ್? ಯಾವ ಯೂನಿಟ್, ಯಾವ ಕಂಪನಿ? ಏನು ಬಡಿಯಿತು, ದೇಹದ ಯಾವ ಭಾಗಕ್ಕೆ? ಮೊದಲು ಬ್ಯಾಂಡೇಜ್ ಕಟ್ಟಿದ್ದು ಎಲ್ಲಿ? ಅಲ್ಲಿಂದ ಎಲ್ಲಿಗೆ ಸಾಗಿಸಿದರು? ಪಕ್ಕದಲ್ಲಿ ಯಾರಿದ್ದರು?

ಸಾಗಿಸಿದ ದಾರಿಯನ್ನು ಯಾಕೆ ಕೇಳಬೇಕು ಅಂದರೆ, ಪ್ರತಿ ನಿಲ್ದಾಣದಲ್ಲೂ ಒಂದು ಕಾಗದ ಹುಟ್ಟಿರುತ್ತದೆ. ಮೊದಲು ಯೂನಿಟ್‌ನದ್ದೇ ರೆಜಿಮೆಂಟಲ್ ಏಯ್ಡ್ ಪೋಸ್ಟ್, ಆಮೇಲೆ ಅಡ್ವಾನ್ಸ್ಡ್ ಡ್ರೆಸಿಂಗ್ ಸ್ಟೇಷನ್, ಫೀಲ್ಡ್ ಹಾಸ್ಪಿಟಲ್, ಕೊನೆಗೆ ಬೇಸ್ ಅಥವಾ ಕಮಾಂಡ್ ಹಾಸ್ಪಿಟಲ್. ಆಸ್ಪತ್ರೆ ಸೇರಿದವರ ಹೆಸರು ಅಲ್ಲಿನ ಅಡ್ಮಿಷನ್ ರಿಜಿಸ್ಟರ್‌ನಲ್ಲಿ ಬಂದಿರುತ್ತದೆ. ಅನ್ಯಾಯ ಆಗುವುದು ಜಾಸ್ತಿ ಏಯ್ಡ್ ಪೋಸ್ಟ್‌ನಲ್ಲೇ ಹೊಲಿಗೆ ಹಾಕಿಸಿಕೊಂಡು ಮತ್ತೆ ಸೆಕ್ಷನ್‌ಗೆ ವಾಪಸ್ ಹೋದವರಿಗೆ. "ನಂದು ಸಣ್ಣ ಗಾಯ ಸಾಬ್" ಅಂತ ಹೋದವರ ಹೆಸರು ಆಸ್ಪತ್ರೆಯ ಪುಸ್ತಕಕ್ಕೆ ಬಂದಿರುವುದೇ ಇಲ್ಲ.

ಹೆಜ್ಜೆ 3: ಯಾವ ರೆಕಾರ್ಡ್ ಆಫೀಸ್ ಅಂತ ಖಚಿತ ಮಾಡಿಕೊಳ್ಳಿ

ಜೆಸಿಒ (ಸುಬೇದಾರ್ ದರ್ಜೆಯವರು) ಮತ್ತು ಜವಾನರ ಕಾಗದಗಳು ದೆಹಲಿಯಲ್ಲಿರುವುದಿಲ್ಲ, ಅವರವರ ರೆಜಿಮೆಂಟಿನ ಅಥವಾ ಕೋರ್‌ನ ರೆಕಾರ್ಡ್ ಆಫೀಸಿನಲ್ಲಿ ಇರುತ್ತವೆ. ಮದ್ರಾಸ್ ಎಂಜಿನಿಯರ್ ಗ್ರೂಪ್‌ನದ್ದು ಬೆಂಗಳೂರು. ಮರಾಠಾ ಲೈಟ್ ಇನ್‌ಫೆಂಟ್ರಿಯದ್ದು ಬೆಳಗಾವಿ. ಮದ್ರಾಸ್ ರೆಜಿಮೆಂಟ್‌ನದ್ದು ನೀಲಗಿರಿಯ ವೆಲ್ಲಿಂಗ್ಟನ್. ಆರ್ಟಿಲರಿ ನಾಸಿಕ್ ರೋಡ್, ಸಿಗ್ನಲ್ಸ್ ಜಬಲ್ಪುರ, ಇಎಂಇ (ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಂಜಿನಿಯರ್ ವಿಭಾಗ) ಸಿಕಂದರಾಬಾದ್, ಆರ್ಮಿ ಮೆಡಿಕಲ್ ಕೋರ್ ಲಖನೌ. ನೌಕಾಪಡೆಯ ನಾವಿಕರದ್ದು ಮುಂಬೈ ಮಾನ್‌ಖುರ್ದ್‌ನ ಬ್ಯೂರೋ ಆಫ್ ಸೇಲರ್ಸ್, ವಾಯುಪಡೆಯ ಏರ್‌ಮನ್‌ಗಳದ್ದು ದೆಹಲಿಯ ಸುಬ್ರೋತೋ ಪಾರ್ಕ್. ಸೇನಾಧಿಕಾರಿಗಳ ದಾಖಲೆ ಮಾತ್ರ ಸೇನಾ ಪ್ರಧಾನ ಕಚೇರಿಯಲ್ಲಿ.

ಇಲ್ಲಿ ಎರಡು ಕಡೆ ಜನ ದಾರಿ ತಪ್ಪುತ್ತಾರೆ. ಒಂದು, ಬೇರೆ ಬೇರೆ ರೆಜಿಮೆಂಟುಗಳಿಂದ ಬಂದವರು ಇರುವ ರಾಷ್ಟ್ರೀಯ ರೈಫಲ್ಸ್ (ಆರ್‌ಆರ್). ಕಾಶ್ಮೀರದಲ್ಲಿ ಆರ್‌ಆರ್ ಬೆಟಾಲಿಯನ್‌ನಲ್ಲಿದ್ದಾಗ ಗಾಯ ಆಗಿದ್ದರೂ ಅವರ ಸೇವಾ ದಾಖಲೆ ಇರುವುದು ಮೂಲ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಗಾಯದ ವರದಿ ಕಳಿಸಿದ್ದು ಆರ್‌ಆರ್ ಯೂನಿಟ್, ಅದು ಸೇರಬೇಕಾಗಿದ್ದು ಬೆಂಗಳೂರಿಗೋ ಬೆಳಗಾವಿಗೋ. ಈ ನಡುವೆ ಕಾಗದ ಕಳೆದುಹೋಗುವ ಸಾಧ್ಯತೆ ಇದ್ದೇ ಇದೆ. ಹಾಗಾಗಿ ಎರಡೂ ಕಡೆಯ ಹೆಸರನ್ನು ಪತ್ರದಲ್ಲಿ ಬರೆಯಿರಿ. ಎರಡನೆಯದು, ನಿವೃತ್ತಿಯ ಮೇಲೆ ಡಿಎಸ್‌ಸಿ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರಿದವರು. ಡಿಎಸ್‌ಸಿ ರೆಕಾರ್ಡ್ಸ್ ಇರುವುದು ಕೇರಳದ ಕಣ್ಣೂರಿನಲ್ಲಿ. ಗಾಯ ಮೊದಲ ಸೇವೆಯಲ್ಲಿ ಆಗಿದ್ದರೆ ಮೊದಲು ಕೇಳಬೇಕಾದದ್ದು ಹಳೆಯ ರೆಜಿಮೆಂಟನ್ನು, ಕಣ್ಣೂರನ್ನಲ್ಲ.

ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ದಾಖಲೆಗಳನ್ನು 25 ವರ್ಷಗಳ ನಂತರ ನಾಶ ಮಾಡುವ ನಿಯಮ ಇದೆ. ನಿಮ್ಮವರು ಆ ಗುಂಪಿನವರಾದರೆ ನಾಳೆ ಬರೆಯೋಣ ಅಂದುಕೊಳ್ಳಬೇಡಿ.

ಹೆಜ್ಜೆ 4: ಬ್ಯಾಟಲ್ ಕ್ಯಾಜುವಲ್ಟಿ ಆಗಿದೆಯೇ, ಪಾರ್ಟ್ 2 ಆರ್ಡರ್ ಏನು ಹೇಳುತ್ತದೆ

ಇದೇ ಇಡೀ ಕೆಲಸದ ಗಂಟು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸೈನಿಕನೊಬ್ಬ ಗಾಯಗೊಂಡರೆ ಯೂನಿಟ್ ಮೇಲಿನವರಿಗೆ ವರದಿ ಮಾಡುತ್ತದೆ. ಆ ವರದಿಯಲ್ಲಿ ಗಾಯವನ್ನು ಎರಡರಲ್ಲಿ ಒಂದು ಬಗೆಯೆಂದು ಬರೆಯುತ್ತಾರೆ: ಬ್ಯಾಟಲ್ ಕ್ಯಾಜುವಲ್ಟಿ (ಕಾರ್ಯಾಚರಣೆಯಲ್ಲಿ ಆದ ಗಾಯ), ಇಲ್ಲವೇ ಫಿಸಿಕಲ್ ಕ್ಯಾಜುವಲ್ಟಿ (ಅಪಘಾತದಂಥ ಬೇರೆ ಕಾರಣದ್ದು). ಯಾವುದು ಯಾವಾಗ ಅಂತ ಹೇಳುವ ಆರ್ಮಿ ಆರ್ಡರ್ 2003ರ ಮೊದಲನೆಯ ಸಂಖ್ಯೆಯದ್ದು. ಅದಕ್ಕೂ ಹಿಂದೆ ಬೇರೆ ಆದೇಶಗಳಿದ್ದವು. ಆಮೇಲೆ ಈ ಘಟನೆ ಪಾರ್ಟ್ 2 ಆರ್ಡರ್‌ನಲ್ಲಿ ಪ್ರಕಟವಾಗಿ ಸೈನಿಕನ ಸೇವಾ ದಾಖಲೆಗೆ ಸೇರುತ್ತದೆ. ಮದುವೆ, ಮಗು ಹುಟ್ಟಿದ್ದು, ಬಡ್ತಿ ಎಲ್ಲ ಸೇರುವುದು ಇದೇ ಆರ್ಡರ್ ಮೂಲಕ. ಮಾಜಿ ಸೈನಿಕರಿಗೆ ಈ ಹೆಸರು ಹೇಳಿದರೆ ತಟ್ಟನೆ ಗೊತ್ತಾಗುತ್ತದೆ.

ಬ್ಯಾಟಲ್ ಕ್ಯಾಜುವಲ್ಟಿ ಅಂತ ಪ್ರಕಟವಾಗಿದ್ದು, ಕಾರಣದಲ್ಲಿ ಶತ್ರುವಿನ ಗುಂಡು, ಸ್ಪ್ಲಿಂಟರ್ ಅಂತ ಇದ್ದರೆ ನಿಮ್ಮ ಕೇಸ್ ಗಟ್ಟಿ. ನೇರ ಪದಕ ಕೇಳಬಹುದು. ಫಿಸಿಕಲ್ ಕ್ಯಾಜುವಲ್ಟಿ ಅಂತ ಇದ್ದರೆ, ಅಥವಾ ಏನೂ ಪ್ರಕಟವಾಗದೇ ಇದ್ದರೆ, ಪದಕದ ಅರ್ಜಿ ಹಾಕಿ ಪ್ರಯೋಜನವಿಲ್ಲ. ಮೊದಲು ಆ ನಮೂದನ್ನು ಸರಿಪಡಿಸಿ ಅಂತ ಕೇಳಬೇಕು. ಎಷ್ಟೋ ಕುಟುಂಬಗಳು ಪದಕ ಕೊಡಿ, ಪದಕ ಕೊಡಿ ಅಂತ ಪತ್ರದ ಮೇಲೆ ಪತ್ರ ಬರೆದು, ದಾಖಲೆಯಲ್ಲಿ ಇಲ್ಲ ಅನ್ನುವ ಒಂದೇ ಸಾಲಿನ ಉತ್ತರ ಪಡೆದು ಕೈಬಿಡುವುದು ಇದೇ ಕಾರಣಕ್ಕೆ.

ಹಾಗಾದರೆ ಏನು ಕೇಳಬೇಕು? ಈ ಪ್ರತಿಗಳನ್ನು:

- ಗಾಯದ ಬಗ್ಗೆ ಯೂನಿಟ್ ಕಳಿಸಿದ ಕ್ಯಾಜುವಲ್ಟಿ ವರದಿ
- ಆ ಘಟನೆಯ ಪಾರ್ಟ್ 2 ಆರ್ಡರ್
- ಇಂಜುರಿ ರಿಪೋರ್ಟ್ (ಸೇನೆಯ ಫಾರ್ಮ್ ಸಂಖ್ಯೆ ಐಎಎಫ್‌ವೈ 2006)
- ಕೋರ್ಟ್ ಆಫ್ ಇನ್‌ಕ್ವೈರಿ (ಸೇನೆಯ ಒಳಗಿನ ವಿಚಾರಣೆ) ನಡೆದಿದ್ದರೆ ಅದರ ನಿರ್ಣಯ
- ಎಲ್ಲ ಮೆಡಿಕಲ್ ಬೋರ್ಡ್ ನಡಾವಳಿಗಳು
- ಅವರಿಗೆ ಮಂಜೂರಾದ ಎಲ್ಲ ಪದಕಗಳ ಪಟ್ಟಿ

ಮೊದಲು ಸಾಮಾನ್ಯ ಪತ್ರ ಬರೆದು ಕೇಳಿ. ಕೆಲವು ರೆಕಾರ್ಡ್ ಆಫೀಸುಗಳು ಮಾಜಿ ಸೈನಿಕರ ಪತ್ರ ಅಂದರೆ ಚೆನ್ನಾಗಿಯೇ ಸ್ಪಂದಿಸುತ್ತವೆ. ಉತ್ತರ ಬರಲಿಲ್ಲವೇ, ಆರ್‌ಟಿಐ ಹಾಕಿ. ಬಿಎಸ್‌ಎಫ್, ಸಿಆರ್‌ಪಿಎಫ್, ಅಸ್ಸಾಂ ರೈಫಲ್ಸ್‌ಗಳಿಗೆ ಆರ್‌ಟಿಐನಿಂದ ಬಹುಪಾಲು ವಿನಾಯಿತಿ ಇದೆ, ಭೂಸೇನೆಗೆ ಅಂಥ ವಿನಾಯಿತಿ ಇಲ್ಲ. ಶುಲ್ಕ 10 ರೂಪಾಯಿ. ಕೇಂದ್ರ ಸರ್ಕಾರದ ಆರ್‌ಟಿಐ ಆನ್‌ಲೈನ್ ತಾಣದಲ್ಲಿ ಹಾಕಬಹುದು, ಪೋಸ್ಟಲ್ ಆರ್ಡರ್ ಲಗತ್ತಿಸಿ ಅಂಚೆಯಲ್ಲೂ ಕಳಿಸಬಹುದು. ಕನ್ನಡದಲ್ಲೇ ಬರೆಯಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಕಾಗದ ಜಬಲ್ಪುರಕ್ಕೋ ಲಖನೌಗೋ ಹೋಗುವುದಾದರೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದರೆ ಬೇಗ ಕೆಲಸ ಆಗುತ್ತದೆ.

ಆರ್‌ಟಿಐನಲ್ಲಿ "ನಮ್ಮ ತಂದೆಗೆ ಪದಕ ಯಾಕೆ ಕೊಡಲಿಲ್ಲ" ಅಂತ ಕೇಳಬೇಡಿ. ಅದಕ್ಕೆ ಉತ್ತರ ಸಿಗುವುದಿಲ್ಲ. "ಇಂಥ ದಿನಾಂಕದ ಇಂಥ ದಾಖಲೆಯ ದೃಢೀಕೃತ ಪ್ರತಿ ಕೊಡಿ" ಅಂತ ಕೇಳಿ. ಮಗನೋ ಮಗಳೋ ಅರ್ಜಿ ಹಾಕುವುದಾದರೆ ಅಪ್ಪನ ಒಪ್ಪಿಗೆ ಪತ್ರ ಲಗತ್ತಿಸಿ. ಅವರು ತೀರಿಕೊಂಡಿದ್ದರೆ ಮರಣ ಪತ್ರದ ಜೊತೆ ಸಂಬಂಧ ತೋರಿಸುವ ದಾಖಲೆ ಇಡಿ. ಅದಕ್ಕಿಂತ ಒಳ್ಳೆಯದು ಬದುಕಿರುವ ಸೈನಿಕರೇ ಅಥವಾ ಅಮ್ಮನೇ ಸಹಿ ಮಾಡುವುದು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ. ಅದರಲ್ಲೂ ಆಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ.

ಹೆಜ್ಜೆ 5: ದಾಖಲೆ ಇಲ್ಲ ಅಂದರೆ ಸಾಕ್ಷಿ ಕಟ್ಟಿ

ದಾಖಲೆ ಲಭ್ಯವಿಲ್ಲ ಅನ್ನುವ ಉತ್ತರವೂ ಒಂದು ಕಾಗದವೇ, ಬಿಸಾಡಬೇಡಿ. ಮುಂದೆ ಬೇಕಾಗುತ್ತದೆ.

ಜೊತೆಗಿದ್ದವರನ್ನು ಹುಡುಕಿ. ರೆಜಿಮೆಂಟಿನ ರೀಯೂನಿಯನ್, ಬೆಟಾಲಿಯನ್‌ನವರ ವಾಟ್ಸಾಪ್ ಗುಂಪು, ತಾಲ್ಲೂಕಿನ ಮಾಜಿ ಸೈನಿಕರ ಸಂಘ, ಎಲ್ಲ ಕಡೆ ವಿಚಾರಿಸಿ. ಅಂದಿನ ಪ್ಲಟೂನ್ ಕಮಾಂಡರ್, ಕಂಪನಿ ಕಮಾಂಡರ್ ಅಥವಾ ಯೂನಿಟ್‌ನ ಡಾಕ್ಟರ್ ಸಿಕ್ಕಿದರೆ ಅವರ ಹೇಳಿಕೆಗೆ ತೂಕ ಜಾಸ್ತಿ. ಹೇಳಿಕೆಯನ್ನು ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿ. ಅದರಲ್ಲಿ ಅವರು ಕಣ್ಣಾರೆ ಕಂಡದ್ದು ಮಾತ್ರ ಇರಲಿ. "ಇವರು ಮಹಾ ಧೈರ್ಯಶಾಲಿ" ಅನ್ನುವುದಕ್ಕಿಂತ "ನಾನು ಸುಮಾರು ಹತ್ತು ಗಜ ದೂರದಲ್ಲಿದ್ದೆ, ಗ್ರೆನೇಡ್ ಸಿಡಿದ ಮೇಲೆ ಇವರ ಎಡತೊಡೆಯಿಂದ ರಕ್ತ ಬರುತ್ತಿತ್ತು, ಪಟ್ಟಿ ಕಟ್ಟಿದ್ದು ನಾನೇ" ಅನ್ನುವ ಸಾಲು ಕೆಲಸಕ್ಕೆ ಬರುತ್ತದೆ. ಇಬ್ಬರ ಹೇಳಿಕೆ ಅಕ್ಷರಶಃ ಒಂದೇ ಥರ ಇರಬಾರದು. ಹಾಗಿದ್ದರೆ ಯಾರೋ ಬರೆದುಕೊಟ್ಟದ್ದು ಅಂತ ಓದಿದವರಿಗೆ ಗೊತ್ತಾಗಿಬಿಡುತ್ತದೆ. ಒಬ್ಬರಿಗೆ ಮಳೆ ನೆನಪಿರಲಿ, ಇನ್ನೊಬ್ಬರಿಗೆ ರೇಡಿಯೊ ಸೆಟ್ ನೆನಪಿರಲಿ, ಹಾಗೇ ಬಿಡಿ.

ಲೋಹ ಇನ್ನೂ ದೇಹದಲ್ಲಿದ್ದರೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ ಮೂಲಕ ಹೊಸದಾಗಿ ಎಕ್ಸ್‌ರೇ ತೆಗೆಸಿ. ದೇಹದೊಳಗೆ ಲೋಹದ ಚೂರಿದೆ, ಎಲ್ಲಿದೆ, ಎಷ್ಟು ದೊಡ್ಡದು, ಹೊರಗಿನ ಕಲೆ ಹಳೆಯದು ಅಂತ ಡಾಕ್ಟರ್ ಬರೆದುಕೊಡಲಿ. ಎಕ್ಸ್‌ರೇ ಒಂದೇ ಯಾವಾಗ, ಎಲ್ಲಿ ಅನ್ನುವುದನ್ನು ಹೇಳುವುದಿಲ್ಲ. ಆದರೆ ಜೊತೆಗಾರರ ಹೇಳಿಕೆ ಹೇಳುವ ಜಾಗಕ್ಕೂ ಎಕ್ಸ್‌ರೇಯಲ್ಲಿ ಕಾಣುವ ಜಾಗಕ್ಕೂ ತಾಳೆ ಆದರೆ ಎರಡೂ ಸೇರಿ ಬಲವಾಗುತ್ತವೆ. ಇದೇ ಹೊತ್ತಲ್ಲಿ ಒಂದು ಮಾತು: ದೇಹದಲ್ಲಿ ಸ್ಪ್ಲಿಂಟರ್ ಇರುವವರು ಯಾವತ್ತಾದರೂ ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಒಳಗೆ ಹೋಗುವ ಮೊದಲೇ ಹೇಳಲೇಬೇಕು. ಅಯಸ್ಕಾಂತದ ಬಲಕ್ಕೆ ಕಬ್ಬಿಣದ ಚೂರು ಅಲುಗಾಡಿದರೆ ಅಪಾಯ. ಮನೆಯವರೆಲ್ಲರಿಗೂ ಇದು ಗೊತ್ತಿರಲಿ.

ಹೆಜ್ಜೆ 6: ಪತ್ರ

ಪತ್ರ ಒಂದು ಪುಟ ಸಾಕು. ಕಥೆ ಬೇಡ, ದಿನಾಂಕಗಳು ಬೇಕು. ವಿಳಾಸ ಆಫೀಸರ್ ಇನ್ ಚಾರ್ಜ್, ರೆಕಾರ್ಡ್ಸ್ ಅವರಿಗೆ. ಒಳಗಿನ ಮಾತು ಹೀಗಿರಲಿ:

"ಮಾನ್ಯರೇ, ನಾನು ಸೈನಿಕ ಸಂಖ್ಯೆ ……, ಹುದ್ದೆ ……, ಹೆಸರು ……. …… ರಿಂದ …… ರವರೆಗೆ ಸೇವೆ ಸಲ್ಲಿಸಿದ್ದೇನೆ. ದಿನಾಂಕ …… ರಂದು …… ಎಂಬಲ್ಲಿ, ಆಪರೇಷನ್ …… ವೇಳೆ, …… ಯೂನಿಟ್‌ನಲ್ಲಿದ್ದಾಗ ಶತ್ರುವಿನ …… ನಿಂದ ನನ್ನ …… ಗೆ ಗಾಯವಾಯಿತು. …… ಆಸ್ಪತ್ರೆಯಲ್ಲಿ …… ರಿಂದ …… ರವರೆಗೆ ಚಿಕಿತ್ಸೆ ಪಡೆದೆ. ಈ ಘಟನೆ ಪಾರ್ಟ್ 2 ಆರ್ಡರ್ ಸಂಖ್ಯೆ …… ರಲ್ಲಿ ಬ್ಯಾಟಲ್ ಕ್ಯಾಜುವಲ್ಟಿ ಎಂದು ಪ್ರಕಟವಾಗಿದೆ. ನನಗೆ ಪರಾಕ್ರಮ ಪದಕ ಇದುವರೆಗೆ ಮಂಜೂರಾಗಿಲ್ಲ. ದಯವಿಟ್ಟು ಪರಿಶೀಲಿಸಿ ಮಂಜೂರು ಮಾಡಬೇಕು. ಸಾಧ್ಯವಿಲ್ಲದಿದ್ದರೆ ಯಾವ ನಿಯಮದಡಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕು."

ಪಾರ್ಟ್ 2 ಆರ್ಡರ್ ಇಲ್ಲದಿದ್ದರೆ ಆ ಸಾಲಿನ ಬದಲು, ಲಗತ್ತಿಸಿದ ಸಾಕ್ಷಿಗಳ ಆಧಾರದಲ್ಲಿ ಗಾಯವನ್ನು ಬ್ಯಾಟಲ್ ಕ್ಯಾಜುವಲ್ಟಿ ಎಂದು ದಾಖಲಿಸಬೇಕು, ನಂತರ ಪದಕ ಪರಿಗಣಿಸಬೇಕು ಅಂತ ಬರೆಯಿರಿ. ಎರಡು ಬಾರಿ ಗಾಯ ಆಗಿದ್ದರೆ ಎರಡನ್ನೂ ಬೇರೆ ಬೇರೆ ದಿನಾಂಕದೊಂದಿಗೆ ಬರೆಯಿರಿ. ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ಮುಂದೆ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್‌ಗೆ ಹೋಗಬೇಕಾದರೆ ನಿಮ್ಮ ಕೈಯಲ್ಲಿ ಇರಬೇಕಾದದ್ದು ಆ ಲಿಖಿತ ಉತ್ತರವೇ.

ಪತ್ರವನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕವೂ ಕಳಿಸಬಹುದು. ಅಲ್ಲಿನ ಸಿಬ್ಬಂದಿಯಲ್ಲಿ ಮಾಜಿ ಸೈನಿಕರೂ ಇರುತ್ತಾರೆ, ಭಾಷೆ ಗೊತ್ತಿರುತ್ತದೆ. ಒಂದು ಪ್ರತಿಯನ್ನು ನೀವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಪದಕ ಕೊಡಿಸುತ್ತೇನೆ, ಇಷ್ಟು ಖರ್ಚಾಗುತ್ತೆ ಅನ್ನುವ ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ರಕ್ತ ಕೊಟ್ಟು ಗಳಿಸಿದ್ದಕ್ಕೆ ಲಂಚ ಯಾಕೆ?

ಪಿಂಚಣಿಯನ್ನೂ ಇದೇ ಹೊತ್ತಲ್ಲಿ ನೋಡಿ

ಬ್ಯಾಟಲ್ ಕ್ಯಾಜುವಲ್ಟಿ ಅನ್ನುವ ಆ ಎರಡು ಪದ ಪಿಂಚಣಿಯಲ್ಲೂ ವ್ಯತ್ಯಾಸ ಮಾಡುತ್ತವೆ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಪತ್ರ ಗಾಯ, ಸಾವುಗಳನ್ನು ಎ ಯಿಂದ ಇ ವರೆಗೆ ಐದು ವರ್ಗಗಳಾಗಿ ವಿಂಗಡಿಸಿತು. ಯುದ್ಧ, ಉಗ್ರರ ವಿರುದ್ಧದ ಕಾರ್ಯಾಚರಣೆಯಂಥ ಸಂದರ್ಭಗಳ ಗಾಯಗಳು 'ಇ' ವರ್ಗದವು. ಅಂಥವರಿಗೆ ಸಿಗಬೇಕಾದದ್ದು ವಾರ್ ಇಂಜುರಿ ಪಿಂಚಣಿ, ಸಾಮಾನ್ಯ ಅಂಗವೈಕಲ್ಯ ಪಿಂಚಣಿಗಿಂತ ಅದರ ದರ ಜಾಸ್ತಿ. ಪಿಪಿಒ ತೆಗೆದು ನೋಡಿ. ಅದರಲ್ಲಿ ಬರೀ ಡಿಸೆಬಿಲಿಟಿ ಅಂತ ಇದ್ದು, ಗಾಯ ಮಾತ್ರ ಗುಂಡಿನದ್ದಾಗಿದ್ದರೆ, ಪದಕಕ್ಕಾಗಿ ನೀವು ಕೂಡಿಸಿದ ಕಾಗದಗಳೇ ಪಿಂಚಣಿ ಸರಿಪಡಿಸಲೂ ಬೇಕಾಗುತ್ತವೆ. ಪತ್ರ ಮಾತ್ರ ಬೇರೆ ಬೇರೆ ಇರಲಿ. ಒಂದೇ ಪತ್ರದಲ್ಲಿ ಎರಡನ್ನೂ ಕೇಳಿದರೆ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ.

ಹೆಜ್ಜೆ 7: ಆಗುವುದಿಲ್ಲ ಅಂದರೆ

ತಿರಸ್ಕಾರದ ಕಾರಣ ಓದಿ. ಸಾಕ್ಷಿ ಸಾಲದು ಅಂದಿದ್ದರೆ ಹೊಸ ಸಾಕ್ಷಿ ಸೇರಿಸಿ ಮತ್ತೆ ಮನವಿ ಕೊಡಿ. ನಿಯಮದ ಕಾರಣ ಹೇಳಿದ್ದರೆ, ಆ ನಿಯಮದ ಪ್ರತಿ ಕೇಳಿ. ದೆಹಲಿಯಲ್ಲಿ ಮಾಜಿ ಸೈನಿಕರಿಗೆಂದೇ ಡೈರೆಕ್ಟರೇಟ್ ಆಫ್ ಇಂಡಿಯನ್ ಆರ್ಮಿ ವೆಟರನ್ಸ್ ಇದೆ, ಅಲ್ಲಿಗೂ ಪ್ರತಿ ಕಳಿಸಬಹುದು.

ಕೊನೆಯ ಬಾಗಿಲು ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಅಂದರೆ ಎಎಫ್‌ಟಿ. 2007ರ ಕಾಯ್ದೆಯಡಿ ಬಂದದ್ದು. ಕರ್ನಾಟಕದವರಿಗೆ ಕೊಚ್ಚಿ ಪೀಠ. ಇಲಾಖೆಯೊಳಗಿನ ದಾರಿಗಳನ್ನು ಮುಗಿಸಿಯೇ ಹೋಗಬೇಕು. ಅಂತಿಮ ಉತ್ತರ ಬಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಮನವಿ ಕೊಟ್ಟು 6 ತಿಂಗಳಾದರೂ ಉತ್ತರವೇ ಬರದಿದ್ದರೆ, ಅಲ್ಲಿಂದ ಮುಂದಿನ 6 ತಿಂಗಳೊಳಗೆ. ತಡವಾಗಿದ್ದರೆ ಕಾರಣ ಹೇಳಿ ವಿಳಂಬ ಮನ್ನಿಸಲು ಕೇಳಬಹುದು. ವಕೀಲರನ್ನು ಇಟ್ಟುಕೊಳ್ಳಬಹುದು, ಸ್ವತಃ ವಾದಿಸಲೂ ಅವಕಾಶ ಇದೆ. ಆದರೆ ಬರೀ ಪದಕಕ್ಕಾಗಿ ಕೊಚ್ಚಿಯವರೆಗೆ ಹೋಗುವ ಮೊದಲು ಕ್ಯಾಜುವಲ್ಟಿ ದಾಖಲೆ ಕೈಲಿದೆಯೇ ನೋಡಿಕೊಳ್ಳಿ ಅನ್ನುವುದು ನನ್ನ ಸಲಹೆ.

ಪದಕ ಬಂದ ಮೇಲೆ

ಪದಕದ ಅಂಚನ್ನು ಬೆಳಕಿಗೆ ಹಿಡಿದು ಓದಿ. ಸೈನಿಕ ಸಂಖ್ಯೆ, ಹುದ್ದೆ, ಹೆಸರು ಅಲ್ಲಿ ಕೊರೆದಿರುತ್ತದೆ. ಅಂಗಡಿಯಲ್ಲಿ ಸಿಗುವ ಪ್ರತಿಗೂ ಅಸಲಿಗೂ ಇರುವ ವ್ಯತ್ಯಾಸ ಅದೇ. ಅಕ್ಷರ ತಪ್ಪಿದ್ದರೆ ತಕ್ಷಣ ರೆಕಾರ್ಡ್ ಆಫೀಸಿಗೆ ಬರೆಯಿರಿ. ಪದಕ ಮಂಜೂರಾದ ಆದೇಶದ ಪ್ರತಿ ಕೇಳಿ ಪಡೆಯಿರಿ, ಡಿಸ್ಚಾರ್ಜ್ ಬುಕ್‌ನಲ್ಲಿ ನಮೂದು ಮಾಡಿಸಿ. ಸೈನಿಕರು ತಮ್ಮ ಪದಕಗಳನ್ನು ಎದೆಯ ಎಡಗಡೆ ಧರಿಸುತ್ತಾರೆ. ತೀರಿಕೊಂಡವರ ಪದಕವನ್ನು ಯುದ್ಧ ಸ್ಮಾರಕದ ಕಾರ್ಯಕ್ರಮಗಳಲ್ಲಿ ಮನೆಯವರು ಧರಿಸುವುದಾದರೆ ಬಲಗಡೆ. ಆದೇಶದ ಒಂದು ಪ್ರತಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿರುವ ಅವರ ಫೈಲಿಗೂ ಸೇರಿಸಿಬಿಡಿ.